ಬಿಳಿಗಲ್ಲಿನ ಸಾಕ್ಷಿ

“ಹೊಲ ಬೇಕೋ ನಿನಗೆ, ಹೊಲದ ಪಕ್ಕದವನು ಬೇಕೋ? ಅದನ್ನ ಮೊದಲು ಬಾಯಿಬಿಟ್ಟು ಹೇಳು.”

ಆಡಿದ ಮೇಲೆ ಸರ್ಲೋನಿಗೆ ತನ್ನ ದನಿ ಬೇಲಿಯಾಚೆಗೂ ಹೋಯಿತೆಂದು ಗೊತ್ತಾಯಿತು. ಪಕ್ಕದ ಅಂಗಳದಲ್ಲಿ ಸೌದೆ ಒಡೆಯುತ್ತಿದ್ದ ಕೊಡಲಿಯ ಸದ್ದು ನಿಂತಿತ್ತು. ಅವನ ಹೆಂಡತಿ ಎಡಿವಾ ಒಲೆಯ ಮುಂದಿನಿಂದ ಏಳಲಿಲ್ಲ, ಬಟಾಣಿ ಗಂಜಿಯಲ್ಲಿ ಮರದ ಸೌಟು ತಿರುವುತ್ತಲೇ ಇದ್ದಳು. ಅವಳು ಆ ಸೌಟನ್ನು ಎತ್ತಿ ಒಗೆದಿದ್ದರೆ, ನಿನ್ನ ನಾಲಗೆ ಸೇದಿಹೋಗ ಎಂದಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು. ಹದಿನೆಂಟು ವರ್ಷದಲ್ಲಿ ಆ ಹೊಲದ ಪಕ್ಕದ ಟೋವಿಯ ಹೆಸರು ಬಂದಾಗ ಅವಳು ಒಮ್ಮೆಯೂ ಸಿಟ್ಟಾಗಿರಲಿಲ್ಲ. ಅವನಿಗೆ ಅದೇ ದೊಡ್ಡ ಸಾಕ್ಷಿ. ಸುಳ್ಳು ಮಾತಾಗಿದ್ದರೆ ಯಾವ ಹೆಂಗಸು ಉರಿದು ಬೀಳುವುದಿಲ್ಲ?

“ಅಪ್ಪನ ಹೊಲ ಅದು. ಸಾಯೋವಾಗ ಅದರ ಹೆಸರು ಹೇಳ್ತಾ ಸತ್ತ,” ಎಂದಳು ಎಡಿವಾ.

“ಸಾಯೋವಾಗ ನಿಮ್ಮಪ್ಪ ಟೋವಿ ಹೆಸರೂ ಹೇಳ್ದ. ನಾನೂ ಅಲ್ಲೇ ಕೂತಿದ್ದೆ.”

“ಜ್ವರದಲ್ಲಿ ಹಂದಿ ಹೆಸರೂ ಹೇಳ್ದ. ಆ ಹಂದಿ ಮೇಲೂ ಹೊಟ್ಟೆಕಿಚ್ಚು ಪಡು, ಅದೊಂದನ್ನ ಯಾಕೆ ಬಿಡ್ತೀಯ.”

ಬೇಲಿಯಾಚೆ ಯಾರೋ ಮೂಗಿನಲ್ಲಿ ನಕ್ಕರು. ಕೊಡಲಿ ಮತ್ತೆ ಬೀಳತೊಡಗಿತು.

“ಮಧ್ಯಾಹ್ನ ರಾಜನ ಸರದಾರರು ಬಿಳಿಗಲ್ಲಿನ ಹತ್ರ ಬರ್ತಾರೆ,” ಎಂದಳು ಎಡಿವಾ, ಈ ಸಲ ಸ್ವಲ್ಪ ಮೆತ್ತಗೆ. “ಕಾಡಿನ ಹಳೇ ಗಡಿ ಎಲ್ಲಿ ಅಂತ ಕೇಳ್ತಾರೆ. ಅಪ್ಪ ನಿನ್ನ ಎಲ್ಲಿ ನಿಲ್ಲಿಸಿ ಹೊಡೆದನೋ ಅಲ್ಲಿ ನಿಂತ್ಕೊಂಡು ಇಲ್ಲೇ ಅನ್ನು. ಅಷ್ಟೇ. ಅದಕ್ಕೆ ಟೋವಿ ಯಾಕೆ ಬೇಕು, ನಾನು ಯಾಕೆ ಬೇಕು? ನಿನ್ನ ಕೆನ್ನೆ ಒಂದಿದ್ರೆ ಸಾಕು.”

ಅವಳು ನಗಿಸಲೆಂದೇ ಹೇಳಿದ್ದು. ಆದರೆ ಕೆನ್ನೆ ಎಂಬ ಮಾತು ಬಿದ್ದದ್ದೇ ಅವನ ಎಡಗೆನ್ನೆ ಈಗ ತಾನೇ ಏಟು ತಿಂದ ಹಾಗೆ ಬಿಸಿಯಾಯಿತು. ಗಂಜಿ ಮುಟ್ಟದೆ ಎದ್ದು ಹೊರಗೆ ಬಂದ. ಬೇಲಿಯಾಚೆಯವನು ಸೌದೆಯ ಮೇಲೇ ಕಣ್ಣಿಟ್ಟು, “ಇವತ್ತು ನಿಂದೇ ದರ್ಬಾರು ಸರ್ಲೋ. ರಾಜ ನಿನ್ನ ಕೇಳಿ ಕಾಡು ಬಿಡಬೇಕಂತೆ,” ಎಂದ. ಸರ್ಲೋ ಹಳ್ಳದ ಕಡೆ ನಡೆದ.

ಊರು ಹಳ್ಳದ ತೆಂಕಣಕ್ಕೆ. ಹಳ್ಳ ದಾಟಿದರೆ ಇಳಿಜಾರು. ಇಳಿಜಾರು ಹತ್ತಿದರೆ ನೆತ್ತಿಯ ಮೇಲೆ ಬಿಳಿಗಲ್ಲು, ಅದರಾಚೆ ರಾಜನ ಓಕ್ ಮರಗಳು. ಜಗಳವೆಲ್ಲ ನಡುವಿನ ಆ ಇಳಿಜಾರಿನದು. ಈಗಿನ ಹುಡುಗ ದೊರೆ ಹೆನ್ರಿಯ ಅಜ್ಜ ಪಟ್ಟವೇರಿ ಕೆಲವೇ ವರ್ಷಕ್ಕೆ ತನ್ನ ಕಾಡಿನ ಗಡಿಯನ್ನು ಬಿಳಿಗಲ್ಲಿನಿಂದ ಹಳ್ಳಕ್ಕೆ ಇಳಿಸಿಕೊಂಡಿದ್ದ. ಕಾಡು ಎಂದರೆ ಮರವಿರುವ ಜಾಗವೆಂದಲ್ಲ. ರಾಜ ಕಾಡು ಅಂದದ್ದೆಲ್ಲ ಕಾಡು. ಅಂದಿನಿಂದ ಇಳಿಜಾರಿನವರು ತಮ್ಮದೇ ಹೊಲಕ್ಕೆ ಎದೆಯೆತ್ತರ ಬೇಲಿ ಹಾಕುವ ಹಾಗಿಲ್ಲ, ಬಟಾಣಿ ಮೇಯಲು ಬಂದ ಜಿಂಕೆಗೆ ಹುಶ್ ಎನ್ನುವ ಹಾಗಿಲ್ಲ. ನಾಯಿ ಸಾಕಿದರೆ ಕಾಡಿನ ಕಾವಲುಗಾರ ಹ್ಯಾಮೋ ಬಂದು ಅದರ ಮುಂಗಾಲನ್ನು ಮರದ ತುಂಡಿನ ಮೇಲಿಟ್ಟು ಉಳಿಯಿಂದ ಮೂರು ಉಗುರು ಕತ್ತರಿಸಿ ಹೋಗುತ್ತಾನೆ, ಜಿಂಕೆಯ ಹಿಂದೆ ಓಡದಿರಲಿ ಎಂದು. ಎಡಿವಾಳ ಅಪ್ಪ ಲೆಫ್ವಿನ್ ಮೂವತ್ತು ವರ್ಷ ಆ ಜಿಂಕೆಗಳಿಗೆ ಬಿತ್ತಿ ಬಿತ್ತಿ ಸಾಕಾಗಿ ಹೊಲ ಬಿಟ್ಟು ಹಳ್ಳದ ಈಚೆ ಬಂದಿದ್ದ. ಟೋವಿ ಬಿಡಲಿಲ್ಲ. ಹಟಮಾರಿ. ಲೆಫ್ವಿನ್‌ನ ಪಾಳು ಹೊಲದ ಬದುವಿಗೇ ಅವನ ಹೊಲ, ಅವನ ಒಂಟಿ ಮನೆ. ಹೆಂಡತಿ ಸತ್ತು ಆರು ವರ್ಷ. ಆರು ವರ್ಷ ಎಂಬುದು ಸರ್ಲೋನಿಗೆ ಎಷ್ಟು ಖಚಿತವಾಗಿ ಗೊತ್ತಿತ್ತೆಂದರೆ, ಅವಳ ಹೆಣ ಇಳಿಸಿದ ದಿನ ಮಳೆ ಹನಿಯುತ್ತಿದ್ದುದೂ, ಮಣ್ಣು ಹಾಕಲು ಎಡಿವಾ ಎರಡು ಸಲ ಬಗ್ಗಿದ್ದೂ ಗೊತ್ತಿತ್ತು. ಉಳಿದ ಹೆಂಗಸರೆಲ್ಲ ಒಂದೊಂದು ಸಲ ಬಗ್ಗಿದ್ದರು.

ಹೋದ ಭಾನುವಾರ ಸೀಮೆಯ ಅಧಿಕಾರಿ ಷರೀಫನ ಗುಮಾಸ್ತ ಚರ್ಚಿನ ಬಾಗಿಲಲ್ಲಿ ನಿಂತು ರಾಜನ ಸನ್ನದು ಓದಿದ್ದ. ತೊಗಲಿನ ಹಾಳೆ, ಕೆಳಗೆ ಜೋತುಬಿದ್ದ ಮೇಣದ ಮುದ್ರೆ. ಮೊದಲು ಲ್ಯಾಟಿನ್ನಿನಲ್ಲಿ ಓದಿದ, ಜನ ಕೆಮ್ಮಿದರು. ಆಮೇಲೆ ಊರ ಮಾತಿನಲ್ಲಿ ಹೇಳಿದ, ಕೆಮ್ಮು ನಿಂತಿತು. ಅಜ್ಜ ದೊರೆ ಕಿರೀಟ ಇಟ್ಟುಕೊಂಡ ದಿನ ಕಾಡು ಎಲ್ಲಿಯವರೆಗಿತ್ತೋ ಅಲ್ಲಿಯವರೆಗೆ ಮಾತ್ರ ಕಾಡು, ಆಮೇಲೆ ಸೇರಿಸಿಕೊಂಡದ್ದೆಲ್ಲ ಕಾಡಿನಿಂದ ಆಚೆ. ಆ ಹಳೆಯ ಗಡಿಯನ್ನು ಹನ್ನೆರಡು ಸರದಾರರು ಬಂದು ಸಾಕ್ಷಿ ಕೇಳಿ ಬರೆಸಿಕೊಳ್ಳುತ್ತಾರೆ. ಜಿಂಕೆ ಕೊಂದನೆಂದು ಇನ್ನು ಯಾರ ಜೀವವನ್ನೂ ಅಂಗವನ್ನೂ ತೆಗೆಯುವ ಹಾಗಿಲ್ಲ. ಇದನ್ನು ರಾಜನೇ ಒಪ್ಪಿದ್ದಾನೆ, ಅವನ ಮಕ್ಕಳು ಮೊಮ್ಮಕ್ಕಳೂ ಮೀರುವ ಹಾಗಿಲ್ಲ. ಹಿಂದೊಮ್ಮೆ ಜಿಂಕೆ ಮಾಂಸಕ್ಕಾಗಿ ಕಣ್ಣು ಕೀಳಿಸಿಕೊಂಡಿದ್ದ ಮುದುಕನೊಬ್ಬ, “ಇದನ್ನ ಮೂವತ್ತು ವರ್ಷ ಮುಂಚೆ ಓದಕ್ಕೆ ನಿನಗೇನಾಗಿತ್ತಪ್ಪ?” ಎಂದು ಕೇಳಿದ. ಯಾರೂ ನಗಲಿಲ್ಲ. ರಾಜನ ಕೈಯನ್ನೂ ಕಟ್ಟುವ ಹಗ್ಗವೊಂದಿದೆ, ಅದನ್ನು ಕುರಿಯ ತೊಗಲಿನ ಮೇಲೆ ಶಾಯಿಯಿಂದ ಹೊಸೆಯುತ್ತಾರೆ ಎಂಬುದು ಆ ಜನಕ್ಕೆ ಹೊಟ್ಟೆಗಿಳಿಯಲು ಹೊತ್ತು ಹಿಡಿಯಿತು. ಸರ್ಲೋನಿಗೆ ಮಾತ್ರ ಅದು ಕಿವಿಗೇ ಇಳಿಯಲಿಲ್ಲ. ಅವನ ಮುಂದೆ ಎರಡು ಸಾಲು ಬಿಟ್ಟು ಟೋವಿ ನಿಂತಿದ್ದ. ಬಿಸಿಲಿಗೆ ಸುಟ್ಟ ಅವನ ಕುತ್ತಿಗೆ, ಕೂದಲು ಕತ್ತರಿಸಿಕೊಂಡು ಎರಡು ದಿನವೂ ಆಗಿರಲಾರದು. ಒಂಟಿ ಗಂಡಸು, ಕತ್ತರಿಸಿದವರು ಯಾರು? ಸರ್ಲೋ ಪಕ್ಕಕ್ಕೆ ಹೊರಳಿ ಹೆಂಗಸರ ಗುಂಪಿನಲ್ಲಿ ಎಡಿವಾಳ ಮುಖ ಹುಡುಕಿದ. ಅವಳು ಗುಮಾಸ್ತನ ಬಾಯಿಯನ್ನೇ ನೋಡುತ್ತಿದ್ದಳು, ತುಟಿ ತುಸು ತೆರೆದಿತ್ತು, ಕಣ್ಣಲ್ಲಿ ನೀರಿತ್ತು. ಅವನ ಹತ್ತಿರ ಮಲಗಿದಾಗ, ಎರಡು ಕೂಸು ಹುಟ್ಟಿ ಉಳಿಯದೆ ಹೋದಾಗ, ಅವಳ ಮುಖ ಹಾಗೆ ಬಿಚ್ಚಿಕೊಂಡದ್ದನ್ನು ಅವನು ಕಂಡಿರಲಿಲ್ಲ.

ಇಳಿಜಾರು ಹತ್ತುವಾಗ ಕಾಲಿಗೆ ಕೆಸರು ಮೆತ್ತಿಕೊಳ್ಳುತ್ತಿತ್ತು. ಈಸ್ಟರ್ ಕಳೆದು ಮೂರು ವಾರ, ಮುಳ್ಳುಗಿಡಗಳಲ್ಲಿ ಬಿಳಿ ಹೂವು. ಏಟು ತಿಂದ ಅವತ್ತೂ ಹೂ ಬಿಟ್ಟಿತ್ತು. ಬೇಸಿಗೆ ಹತ್ತಿರವಾದಾಗ ಪಾದ್ರಿ ಶಿಲುಬೆ ಹಿಡಿದು ಊರಿನ ಗಡಿ ಸುತ್ತುವುದು, ಜನ ರೊಟ್ಟಿ ಹೆಂಡ ಹೊತ್ತು ಹಿಂದೆ ಹೋಗುವುದು, ಗಡಿಯ ಒಂದೊಂದು ಗುರುತಿನ ಹತ್ತಿರವೂ ಒಬ್ಬ ಎಳೆಯನನ್ನು ಹಿಡಿದು ಕೆನ್ನೆಗೆ ಬಿಗಿಯುವುದೋ ಹಳ್ಳಕ್ಕೆ ತಳ್ಳುವುದೋ ಮಾಡುವುದು ಆ ಸೀಮೆಯ ಪದ್ಧತಿ. ಬರಹ ಬಾರದ ಊರಿನ ದಫ್ತರ ಅದು. ಏಟು ತಿಂದವನು ಎಪ್ಪತ್ತು ವರ್ಷವಾದರೂ ಜಾಗ ಮರೆಯುವುದಿಲ್ಲ. ಲೆಫ್ವಿನ್ ಎಳೆಯವನಾಗಿದ್ದಾಗ, ಅಜ್ಜ ದೊರೆ ಪಟ್ಟಕ್ಕೆ ಬರುವ ಹಿಂದಿನ ವರ್ಷ, ಬಿಳಿಗಲ್ಲಿನ ಹತ್ತಿರ ಏಟು ತಿಂದಿದ್ದ. ಅದನ್ನು ದಾಟಿಸಲು ಅವನಿಗೆ ಗಂಡುಮಗ ಹುಟ್ಟಲಿಲ್ಲ. ಹದಿನೆಂಟು ವರ್ಷದ ಹಿಂದೆ, ಮದುವೆಯಾಗಿ ಇನ್ನೂ ಎರಡು ತಿಂಗಳು ತುಂಬದ ಅಳಿಯನನ್ನು ಮೆರವಣಿಗೆಯ ನಡುವಿನಿಂದ ತೋಳು ಹಿಡಿದು ಎಳೆದು ಕಲ್ಲಿಗೆ ಒರಗಿಸಿ ನಿಲ್ಲಿಸಿದ. ಸರ್ಲೋ ಏನೋ ಆಶೀರ್ವಾದವಿರಬೇಕೆಂದು ಟೋಪಿ ತೆಗೆದ. “ಮಗ ಹುಟ್ಟಿದ್ರೆ ಎಂಟು ವರ್ಷಕ್ಕೇ ಬಾರಿಸಿರ್ತಿದ್ದೆ ಅಳಿಯಾ. ನೀನು ತಡವಾಗಿ ಸಿಕ್ಕಿದೆ,” ಎಂದ ಮುದುಕ. ಹೇಳಿ, ಬಿಗಿದ ನೋಡಿ ಒಂದು. ಮೂವತ್ತು ವರ್ಷದ ಗಂಡಸು ಟೋಪಿ ಕೈಯಲ್ಲಿ ಹಿಡಿದು ಕೆಸರಿನಲ್ಲಿ ಕೂತ. ಪಾದ್ರಿ ನಕ್ಕ, ಗಿರಣಿಯವನು ನಕ್ಕ, ಊರೇ ನಕ್ಕಿತು, ಸರ್ಲೋ ತಾನೂ ನಕ್ಕ. ಟೋವಿ ಹೊಟ್ಟೆ ಹಿಡಿದುಕೊಂಡು ನಕ್ಕ. ಎಡಿವಾ ನಗಲಿಲ್ಲ. ರೊಟ್ಟಿಯ ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ನಗುವವರ ಕಡೆ ತಿರುಗಿದಳು, ಅವಳ ನೋಟ ಟೋವಿಯ ಮೇಲೆ ನಿಂತಿತು. ಎಷ್ಟು ಹೊತ್ತು? ಅವತ್ತು ಅದು ರೆಪ್ಪೆ ಮಿಟುಕುವಷ್ಟಿತ್ತು. ಒಂದೆರಡು ವರ್ಷಕ್ಕೆ ಅದು ಒಂದು ಉಸಿರಿನಷ್ಟಾಯಿತು. ಈಗ ಇಳಿಜಾರು ಹತ್ತುತ್ತ ಅವನು ನೆನೆದಾಗ ಅವಳು ಟೋವಿಯನ್ನು ನೋಡುತ್ತಲೇ ನಿಂತಿದ್ದಳು, ಪಾದ್ರಿ ಮುಂದೆ ಹೋದರೂ, ಜನ ಕರಗಿದರೂ, ಬುಟ್ಟಿಯ ರೊಟ್ಟಿ ಒಣಗಿದರೂ ನೋಡುತ್ತಲೇ ಇದ್ದಳು. ಮೊದಲು ಅವಳನ್ನು ಟೋವಿಗೇ ಕೊಡುವ ಮಾತಿತ್ತೆಂದು ಮದುವೆಯ ದಿನವೇ ಯಾರೋ ಅವನ ಕಿವಿಗೆ ಹಾಕಿದ್ದರು. ತಮಾಷೆಗೆ ಹೇಳಿದ್ದರೇನೋ. ಜನ ತಮಾಷೆಗೆ ಹೇಳಿದ್ದನ್ನು ಇವನು ಎದೆಯಲ್ಲಿಟ್ಟು ಕಾವು ಕೊಟ್ಟ.

ಈಗ ಆ ಏಟಿಗೆ ಟೋವಿ, ಎಡಿವಾ ಬಿಟ್ಟರೆ ಸಾಕ್ಷಿಗಳಿಲ್ಲ. ಈಗಿನ ದೊರೆಯ ಅಪ್ಪ, ಸತ್ತ ಜಾನ್ ದೊರೆಗೂ ಅವನ ಸಾಮಂತರಿಗೂ ಯುದ್ಧವಾದ ವರ್ಷ ಕೂಲಿ ಸೈನಿಕರು ಊರನ್ನು ಸುಟ್ಟರು. ಪಾದ್ರಿ ಅದರಲ್ಲಿ ಹೋದ, ಗಿರಣಿಯವನು ಹಿಂದೆ ಬಂದ ಹಸಿವಿನಲ್ಲಿ ಹೋದ, ಅವತ್ತು ನಕ್ಕ ಉಳಿದವರು ಒಬ್ಬೊಬ್ಬರಾಗಿ ಹೋದರು. ಲೆಫ್ವಿನ್ ಹೋದ ಚಳಿಗಾಲದಲ್ಲಿ ಹೋದ. ಇಡೀ ಇಂಗ್ಲೆಂಡಿನ ದೊಡ್ಡವರೆಲ್ಲ ಸೇರಿ ಲಂಡನ್ನಿನಲ್ಲಿ ರಾಜನಿಂದ ಮುದ್ರೆ ಒತ್ತಿಸಿದ ಮಾತು ಈ ಇಳಿಜಾರಿಗೆ ತಲುಪಬೇಕಾದರೆ ಸರ್ಲೋನ ಎಡಗೆನ್ನೆಯನ್ನೇ ದಾಟಿ ಬರಬೇಕಿತ್ತು. ಅವನಿಗೆ ಅದು ಗೊತ್ತಿತ್ತು. ನಿಜವನ್ನೇ ಹೇಳುವುದೆಂದು ಹಳ್ಳ ದಾಟುವಾಗ ನಿಶ್ಚಯ ಮಾಡಿದ್ದ. ಆದರೆ ಲೆಫ್ವಿನ್‌ನ ಪಾಳು ಹೊಲದ ಬದುವಿಗೆ ಬಂದಾಗ ಕಾಲು ನಿಂತಿತು. ಹೊಲ ಬಿಡುಗಡೆಯಾದರೆ ಎಡಿವಾ ನಾಳೆಯೇ ಗುದ್ದಲಿ ಹಿಡಿದು ಬರುತ್ತಾಳೆ. ಲಂಗದ ಅಂಚನ್ನು ಸೊಂಟಕ್ಕೆ ಸಿಕ್ಕಿಸಿ ಕಳೆ ಕೀಳುತ್ತಾಳೆ. ಬದುವಿನ ಆಚೆ ಟೋವಿ. ಅವನು ಕಲ್ಲು ಎತ್ತಿಕೊಡುತ್ತಾನೆ, ಇವಳು ನೀರು ಕೊಡುತ್ತಾಳೆ. ಹಳ್ಳದ ಈಚೆ ತಾನು ಧಣಿಯ ಹೊಲದಲ್ಲಿ ಬಿಟ್ಟಿ ಉಳುತ್ತ ತಲೆಯೆತ್ತಿದಾಗಲೆಲ್ಲ ಇಳಿಜಾರಿನ ಮೇಲೆ ಎರಡು ಚುಕ್ಕೆ, ಒಮ್ಮೆ ದೂರ, ಒಮ್ಮೆ ಹತ್ತಿರ. ಬದುವಿನ ಮೇಲೆ ಟೋವಿ ಒಣಗಲು ಹಾಕಿದ ಅಂಗಿಯೊಂದಿತ್ತು. ತೋಳಿನ ಹತ್ತಿರ ತೇಪೆ. ಸರ್ಲೋ ಅತ್ತಿತ್ತ ನೋಡಿ, ಹತ್ತಿರ ಹೋಗಿ ತೇಪೆಯ ಹೊಲಿಗೆ ಪರೀಕ್ಷಿಸಿದ. ಒರಟು ಹೊಲಿಗೆ, ಗಂಡಸಿನ ಕೈಯದು. ಅವಳು ಬೇಕೆಂದೇ ಒರಟಾಗಿ ಹೊಲಿದಿರಬಹುದು ಎಂದುಕೊಂಡ. ಅಂದುಕೊಂಡ ಮೇಲೆ ತನ್ನ ಮೇಲೇ ಹೇಸಿಗೆಯಾಗಿ ಅಂಗಿಯನ್ನು ಇದ್ದ ಹಾಗೇ ಹಾಕಿ ಬಿರಬಿರನೆ ಮೇಲೆ ಹತ್ತಿದ.

ಹನ್ನೆರಡು ಸರದಾರರು ಬರಬೇಕಿದ್ದಲ್ಲಿ ಒಂಬತ್ತು ಜನ ಬಂದಿದ್ದರು. ಕುದುರೆಗಳು ಹುಲ್ಲು ಮೇಯುತ್ತಿದ್ದವು. ಬಿಳಿಗಲ್ಲಿನ ಸುತ್ತ ಊರ ಗಂಡಸರು, ಸ್ವಲ್ಪ ಕೆಳಗೆ ಹೆಂಗಸರು, ಒಂದು ಪಕ್ಕಕ್ಕೆ ಎದೆಯ ಮೇಲೆ ಕೈ ಕಟ್ಟಿ ಕಾವಲುಗಾರ ಹ್ಯಾಮೋ. ಗುಮಾಸ್ತ ಮೊಣಕಾಲ ಮೇಲೆ ಹಲಗೆಯಿಟ್ಟು ಹಕ್ಕಿಗರಿಯ ಲೇಖನಿ ಚೂಪು ಮಾಡುತ್ತಿದ್ದ. ಹಿರಿಯ ಸರದಾರನಿಗೆ ನೆಗಡಿ, ಮೂಗು ಒರೆಸಿಕೊಳ್ಳುತ್ತ, “ಸಾಕ್ಷಿ ಯಾರು? ಬೇಗ ಬರ್ಲಿ,” ಎಂದ.

“ಇವನೇ ಒಡೆಯಾ, ಲೆಫ್ವಿನ್ ಅಳಿಯ,” ಎಂದು ನಾಲ್ಕು ಕೈಗಳು ಸರ್ಲೋನನ್ನು ಮುಂದಕ್ಕೆ ದೂಡಿದವು. ಅವನು ಪವಿತ್ರ ಗ್ರಂಥದ ಮೇಲೆ ಕೈಯಿಟ್ಟ.

“ಗಡಿ ನಿನಗೆ ಯಾರು ತೋರಿಸಿದ್ರು?”

“ನಮ್ಮ ಮಾವ, ಒಡೆಯಾ. ಅವರಿಗೆ ಎಳೇದ್ರಲ್ಲಿ ಅವರ ಅಪ್ಪ ತೋರಿಸಿದ್ರು. ಅಜ್ಜ ದೊರೆ ಪಟ್ಟಕ್ಕೆ ಬರೋ ಮುಂಚೆ.”

“ಸರಿ. ನಿನಗೆ ಜಾಗ ಹೇಗೆ ನೆನಪು?”

ಸರ್ಲೋ ಟೋಪಿ ತೆಗೆದು ಕೈಯಲ್ಲಿ ತಿರುವಿದ.

“ಹೇಳೋ ಸರ್ಲೋ,” ಎಂದಿತು ಹಿಂದಿನಿಂದ ಒಂದು ದನಿ, “ಹೊಸ ಮದುಮಗನ ಥರ ನಾಚ್ಕೋಬೇಡ.”

“ಹೊಡೆದ್ರು,” ಎಂದ ಸರ್ಲೋ.

“ಏನು?” ಸರದಾರ ಕಿವಿ ಮುಂದೆ ಮಾಡಿದ.

“ಕೆನ್ನೆಗೆ ಹೊಡೆದ್ರು ಒಡೆಯಾ. ನೆನಪಿರ್ಲಿ ಅಂತ.”

“ಆಗ ನಿನಗೆ ವಯಸ್ಸೆಷ್ಟು?”

“ಮೂವತ್ತು.”

ಮೊದಲು ನಕ್ಕವನು ಗುಮಾಸ್ತ. ಸರದಾರನಿಗೆ ನಗುವೂ ಸೀನೂ ಒಟ್ಟಿಗೇ ಬಂತು. ಆಮೇಲೆ ಊರು ನಕ್ಕಿತು, ಹದಿನೆಂಟು ವರ್ಷದ ಹಿಂದಿನ ನಗುವಿಗೆ ನಡುವೆ ಬಿಡುವೇ ಇರಲಿಲ್ಲವೆಂಬಂತೆ. ಸರ್ಲೋ ಟೋವಿಯನ್ನು ಹುಡುಕಿದ. ಟೋವಿ ತನ್ನ ಹೊಲದ ಅಂಚಿಗೆ ನಿಂತಿದ್ದ, ನಗುತ್ತಿರಲಿಲ್ಲ. ಬಾಯಿಯನ್ನು ಅಂಗೈಯಿಂದ ಒರೆಸಿಕೊಂಡ. ಒರೆಸಿದ್ದೋ, ಮುಚ್ಚಿಕೊಂಡದ್ದೋ? ಸರ್ಲೋ ಎಡಿವಾಳ ಕಡೆ ತಿರುಗಿದ. ಅವಳು ನಗುತ್ತಿದ್ದಳು. ಈ ಸಲ ನಗುತ್ತಿದ್ದಳು. ಗಂಡ ಹೇಳಿಬಿಟ್ಟ, ಇನ್ನೊಂದು ಮಾತು ಉಳಿದಿದೆ ಅಷ್ಟೇ ಎಂಬ ನಿರಾಳದಲ್ಲಿ ಅವಳ ಮುಖ ಚರ್ಚಿನ ಬಾಗಿಲಲ್ಲಿ ಬಿಚ್ಚಿಕೊಂಡ ಹಾಗೆಯೇ ಬಿಚ್ಚಿಕೊಂಡಿತ್ತು, ಕಣ್ಣು ಅಪ್ಪನ ಹೊಲದ ಮೇಲಿತ್ತು. ಆ ಹೊಲವನ್ನು ನೋಡಬೇಕಾದರೆ ನಡುವೆ ಟೋವಿ ನಿಂತಿದ್ದ. ಅವಳು ನೋಡಿದ್ದು ಮಣ್ಣನ್ನೋ ಮನುಷ್ಯನನ್ನೋ, ಇಷ್ಟು ದೂರದಿಂದ ದೇವರಿಗೂ ತಿಳಿಯುವಂತಿರಲಿಲ್ಲ.

“ಆಯ್ತು ಆಯ್ತು,” ಸರದಾರ ಮೂಗು ಹಿಂಡಿಕೊಂಡ. “ಎಲ್ಲಿ ಹೊಡೆದ? ಇಲ್ಲೇನಾ?”

“ಇಲ್ಲಲ್ಲ,” ಎಂದ ಸರ್ಲೋ.

ನಗು ನಿಂತಿತು. ತನ್ನ ದನಿ ಎಷ್ಟು ಸಲೀಸಾಗಿ ಬಂತೆಂದು ಅವನಿಗೇ ಆಶ್ಚರ್ಯವಾಯಿತು. ಹಲ್ಲಿಗೆ ಸಿಕ್ಕಿಕೊಂಡಿದ್ದ ಏನೋ ತಾನಾಗಿ ಬಿದ್ದುಹೋದ ಹಾಗೆ.

“ಕೆಳಗೆ, ಹಳ್ಳದ ಹತ್ರ. ಹಳ್ಳವೇ ಗಡಿ ಅಂತ ಹೊಡೆದ್ರು.”

“ಏ, ಇಲ್ಲೇ ಕಣೋ,” ಟೋವಿ ನಾಲ್ಕು ಹೆಜ್ಜೆ ಮುಂದೆ ಬಂದ. ದನಿಯಲ್ಲಿ ಸಿಟ್ಟಿರಲಿಲ್ಲ, ಮರೆತವನಿಗೆ ನೆನಪು ಮಾಡಿಕೊಡುವ ಅವಸರವಿತ್ತು. “ಈ ಕಲ್ಲಿಗೇ ಒರಗಿ ನಿಂತಿದ್ದೆ. ಟೋಪಿ ಕೈಯಲ್ಲಿತ್ತು. ನಾನು ನೋಡಿದೀನಿ ಒಡೆಯಾ.”

“ನಿನ್ನ ಹೊಲ ಎಲ್ಲಿ?”

“ಇದೇ ಇಳಿಜಾರಲ್ಲಿ, ಇದೋ.”

“ಹಂಗಾದ್ರೆ ಬಾಯಿ ಮುಚ್ಕೊಂಡಿರು. ತನ್ನ ಲಾಭಕ್ಕೆ ತಾನೇ ಸಾಕ್ಷಿ ಹೇಳೋದು ನಡೆಯಲ್ಲ.”

ಹೆಂಗಸರ ಗುಂಪು ಸೀಳಿಕೊಂಡು ಎಡಿವಾ ಮೇಲೆ ಬಂದಳು. “ನಾನೂ ಇದ್ದೆ ಒಡೆಯಾ. ರೊಟ್ಟಿ ಬುಟ್ಟಿ ಹೊತ್ಕೊಂಡು ಬಂದಿದ್ದೆ. ಸತ್ತವನ ಮಗಳು ನಾನು.”

ಸರದಾರ ಒಳ್ಳೆಯವನೇ. ಗೌರವದಿಂದಲೇ ಹೇಳಿದ: “ಗಂಡ ಗ್ರಂಥ ಮುಟ್ಟಿ ಹೇಳಿದ ಮೇಲೆ ಹೆಂಡತಿ ಮಾತು ಎಲ್ಲಿ ಬರ್ಕೊಳ್ಲಿ ತಾಯಿ? ಸ್ವಲ್ಪ ಹಿಂದೆ ನಿಲ್ಲು.” ಆಮೇಲೆ ಗುಮಾಸ್ತ ಅವನ ಕಿವಿಯಲ್ಲಿ ಏನೋ ಹೇಳಿದ, ಸರದಾರ ಹುಬ್ಬೇರಿಸಿ ಸರ್ಲೋನನ್ನು ಹೊಸದಾಗಿ ನೋಡಿದ. “ನಿನ್ನ ಮಾವನ ಹೊಲಾನೂ ಇದೇ ಇಳಿಜಾರಲ್ಲಿದೆಯಂತೆ? ಬಿಳಿಗಲ್ಲು ಅಂದಿದ್ರೆ ಆ ಹೊಲ ನಿನಗೇ ಬರ್ತಿತ್ತು, ಅಲ್ವಾ?”

“ಹೌದು ಒಡೆಯಾ.”

“ನೋಡಿ,” ಎಂದು ಸರದಾರ ಉಳಿದವರ ಕಡೆ ತಿರುಗಿದ. “ಕೈಗೆ ಬರೋ ಮಣ್ಣು ಬಿಟ್ಟು ನಿಜ ಹೇಳ್ತಿದಾನೆ. ಇಂಥವನ ಮಾತು ಬರ್ಕೊಳ್ಳದೆ ಇನ್ಯಾರದು ಬರ್ಕೋಬೇಕು? ಹಳ್ಳದವರೆಗೆ ಕಾಡು. ಬರೀ.”

ಗರಿ ಕರಕರ ಎಂದಿತು. ಸರ್ಲೋನಿಗೆ ಆ ಹೊಗಳಿಕೆ ಮೈಮೇಲೆ ಬಿಸಿನೀರು ಹೊಯ್ದಂತಿತ್ತು. ಇಷ್ಟು ಜನರೆದುರು ಯಾರೂ ಅವನನ್ನು ಹೊಗಳಿದ್ದಿಲ್ಲ. ಜನ ಒಬ್ಬೊಬ್ಬರೇ ಅವನ ಪಕ್ಕದಿಂದ ಇಳಿದುಹೋದರು, ಯಾರೂ ಮೈಗೆ ಮೈ ತಾಗಿಸಲಿಲ್ಲ. ಎಡಿವಾ ಯಾವಾಗ ಹೋದಳೋ ಅವನು ನೋಡಲಿಲ್ಲ. ಅವನು ನೋಡುತ್ತಿದ್ದದ್ದು ಟೋವಿಯ ಮುಖವನ್ನು. ಅಲ್ಲಿ ದ್ವೇಷವಿರಬೇಕಿತ್ತು, ಗೆದ್ದೆ ಎನ್ನಿಸಲು ಅಷ್ಟಾದರೂ ಬೇಕಿತ್ತು. ಟೋವಿ ಕಣ್ಣು ಕಿರಿದು ಮಾಡಿ ಅವನನ್ನು ನೋಡಿದ, ಹಾದಿಯಲ್ಲಿ ಬಿದ್ದ ಕುಡುಕ ಯಾರಿರಬಹುದೆಂದು ಬಗ್ಗಿ ನೋಡುವ ಹಾಗೆ. ಆಮೇಲೆ ಮನೆಯ ಕಡೆ ನಡೆದ. ಕೊನೆಗೆ ಉಳಿದವನು ಹ್ಯಾಮೋ ಒಬ್ಬನೇ. ಅವನು ಬಂದು ಸರ್ಲೋನ ಬೆನ್ನು ತಟ್ಟಿದ.

“ರಾಜನ ಕೈ ಕಟ್ಟಕ್ಕೆ ಅಷ್ಟು ದೊಡ್ಡೋರು ಅಷ್ಟು ವರ್ಷ ಹೊಡೆದಾಡಿದ್ರು. ನೀನು ಒಂದೇ ಮಾತಲ್ಲಿ ಬಿಚ್ಚಿಬಿಟ್ಟೆ ಕಣಪ್ಪ. ಚಳಿಗಾಲಕ್ಕೆ ಒಣಸೌದೆ ಬೇಕಾದ್ರೆ ಬಾ, ನಾನು ಕಂಡೂ ಕಾಣದ ಹಾಗಿರ್ತೀನಿ.”

ಸರ್ಲೋ ಹಳ್ಳದ ದಂಡೆಯಲ್ಲಿ ತುಂಬ ಹೊತ್ತು ಕೂತ. ಇಲ್ಲೇ ಹೊಡೆದದ್ದು ಎಂದು ನೆನೆಸಿಕೊಳ್ಳಲು ನೋಡಿದ. ಮುದುಕನನ್ನು ನೀರಿನ ಅಂಚಿಗೆ ತಂದು ನಿಲ್ಲಿಸಿದ, ಕೈ ಎತ್ತಿಸಿದ. ಮುದುಕ ಕೈ ಎತ್ತಿದ, ಆದರೆ ಹೊಡೆಯಲಿಲ್ಲ, ಸುಮ್ಮನೆ ನೋಡಿದ. ಮನೆಗೆ ಬಂದಾಗ ಬಿಸಿಲು ಇಳಿದಿತ್ತು. ಎಡಿವಾ ಒಲೆಯ ಮುಂದಿದ್ದಳು. ಅವನ ಬಟ್ಟಲಿಗೆ ಗಂಜಿ ಬಡಿಸಿಟ್ಟಿದ್ದಳು, ಬಾರ್ಲಿ ರೊಟ್ಟಿ ಮುರಿದಿಟ್ಟಿದ್ದಳು. ಅವನು ಬಾಗಿಲಲ್ಲೇ ನಿಂತ.

“ಬಯ್ಯಿ,” ಎಂದ.

“ಯಾಕೆ?”

“ಹೊಲ ಹೋಯ್ತಲ್ಲ. ನಿನ್ನ ಹೊಲ. ಇನ್ನು ಬದುವಿನ ಮೇಲೆ ನಿಂತು ಅವನ ಜೊತೆ ಮಾತಾಡಕ್ಕಾಗಲ್ಲ. ಬಯ್ಯಿ.”

ಎಡಿವಾ ಅವನನ್ನು ಪೂರ್ತಿ ನೋಡಿದಳು. ಅವಳು ಅವನನ್ನು ಹಾಗೆ ನೆಟ್ಟಗೆ ನೋಡಿ ಎಷ್ಟೋ ವರ್ಷವಾಗಿತ್ತು, ಅವನಿಗೆ ಒಳಗೊಳಗೇ ಖುಷಿಯಾಯಿತು, ಆ ಹೊತ್ತಿನಲ್ಲೂ.

“ಒಂದು ಮಾತು ಕೇಳ್ತೀನಿ,” ಎಂದಳು. “ನಾನು ಅವನ ಜೊತೆ ಹೋಗಿದ್ರೆ ಏನು ಮಾಡ್ತಿದ್ದೆ?”

“ಕೊಂದುಹಾಕ್ತಿದ್ದೆ.”

“ಯಾರನ್ನ?”

“ಇಬ್ರನ್ನೂ.”

“ನಾನು ಹೋಗ್ಲಿಲ್ಲ ಸರ್ಲೋ. ಹದಿನೆಂಟು ವರ್ಷ ಎಲ್ಲಿಗೂ ಹೋಗ್ಲಿಲ್ಲ. ಅದಕ್ಕೆ ನೀನು ಇದನ್ನ ಮಾಡ್ದೆ.”

ಅವಳು ಕೆಂಡವನ್ನು ಒಂದೆಡೆ ಕೂಡಿಸಿ ಬೂದಿ ಮುಚ್ಚಿ ಮೇಲೆ ಮಣ್ಣಿನ ಮುಚ್ಚಳ ಕವುಚಿದಳು. ಗೂಟದಿಂದ ಉಣ್ಣೆಯ ಹೊದಿಕೆ ತೆಗೆದು ಹೆಗಲಿಗೆ ಹಾಕಿಕೊಂಡಳು. ಬಾಗಿಲಲ್ಲಿ ಅವನು ಸರಿಯಲಿಲ್ಲ. ಅವಳು ಅವನಿಗೆ ತಾಗದ ಹಾಗೆ ಒತ್ತರಿಸಿಕೊಂಡು ದಾಟಿದಳು. ಕೋಳಿ ಕೂಗಿಕೊಂಡು ಪಕ್ಕಕ್ಕೆ ಹಾರಿತು, ಅಂಗಳದ ಕಡ್ಡಿಬಾಗಿಲು ಕಿರ್ ಎಂದಿತು. ಅವನು ತಿರುಗಿ ನೋಡಲಿಲ್ಲ. ಯಾವ ಕಡೆ ಹೋಗುತ್ತಾಳೆಂದು ನೋಡಬೇಕಾದ ಅಗತ್ಯವೇ ಇರಲಿಲ್ಲ. ಕೂತು ಗಂಜಿ ಕುಡಿದ. ಬೆಳಗಿನಿಂದ ಹೊಟ್ಟೆಗಿಲ್ಲದವನಿಗೆ ಗಂಜಿ ರುಚಿಯಾಗಿತ್ತು. ಈಗ ಹಳ್ಳ ದಾಟಿರುತ್ತಾಳೆ. ಈಗ ಇಳಿಜಾರು. ಈಗ ಟೋವಿ ಬಾಗಿಲು ತೆಗೆಯುತ್ತಾನೆ, ಇವಳು ಅಳುತ್ತಾಳೆ, ಅವನು ಆ ಹೊದಿಕೆಯನ್ನು ಹೆಗಲಿನಿಂದ ಇಳಿಸುತ್ತಾನೆ. ಹದಿನೆಂಟು ವರ್ಷ ಕತ್ತಲಲ್ಲಿ ತಡಕಾಡಿದ್ದು ಇವತ್ತು ಕೈಗೆ ಸಿಗುತ್ತದೆ. ತಾನು ಹುಚ್ಚನಲ್ಲ, ಕೆಟ್ಟವನಲ್ಲ, ಕಣ್ಣಿದ್ದವನು ಎಂದು ಊರಿಗೆ ಗೊತ್ತಾಗುತ್ತದೆ. ಬಟ್ಟಲು ನೆಕ್ಕಿಟ್ಟು ಎದ್ದಾಗ ಅವನ ಕಾಲುಗಳು ಹಗುರವಾಗಿದ್ದವು, ಹಬ್ಬಕ್ಕೆ ಹೊರಟವನ ಹಾಗೆ.

ಸೂರ್ಯ ಮುಳುಗುತ್ತಿದ್ದ. ಟೋವಿ ತನ್ನ ಬೇಲಿಯ ಗೂಟಗಳನ್ನು ಕೀಳುತ್ತಿದ್ದ. ಸನ್ನದು ಓದಿದ ಮಾರನೆಯ ದಿನವೇ ಆಸೆಯಿಂದ ನೆಟ್ಟಿದ್ದ ಎತ್ತರದ ಬೇಲಿ. ನಾಳೆಯೊಳಗೆ ಇಳಿಸೆಂದು ಹ್ಯಾಮೋ ಆಗಲೇ ಬಂದು ಹೇಳಿಹೋಗಿದ್ದ. ಕಿತ್ತ ಗೂಟಗಳನ್ನು ಒಂದರ ಪಕ್ಕ ಒಂದು ಮಲಗಿಸಿದ್ದ.

“ಎಲ್ಲಿ ಅವಳು?” ಎಂದ ಸರ್ಲೋ.

“ಯಾರು?”

“ಯಾರು ಅಂತೆ.” ಸರ್ಲೋ ಅವನನ್ನು ಬಳಸಿಕೊಂಡು ಮನೆಯೊಳಕ್ಕೆ ನುಗ್ಗಿದ. ಒಂದೇ ಕೋಣೆ. ಒಂದು ಮೇಕೆ, ಹುಲ್ಲಿನ ಹಾಸಿಗೆ, ಒಂದು ಬಟ್ಟಲು, ಗೋಡೆಗೆ ಸಿಕ್ಕಿಸಿದ ಸತ್ತ ಹೆಂಡತಿಯ ನೂಲುವ ಕದಿರು, ಅದರ ಮೇಲೆ ಆರು ವರ್ಷದ ಧೂಳು. ಸರ್ಲೋ ಹುಲ್ಲನ್ನು ಕಾಲಿನಿಂದ ಕೆದರಿದ. ಮೇಕೆಯನ್ನು ತಳ್ಳಿ ಅದರ ಹಿಂದೆ ನೋಡಿದ. ಅಟ್ಟದ ಮೇಲೆ ಕೈಯಾಡಿಸಿದ. ಟೋವಿ ಬಾಗಿಲಿಗೆ ಬಂದು ನಿಂತ.

“ಕೊಟ್ಟಿಗೇಲೂ ನೋಡು,” ಎಂದ. “ಬಾವೀಲೂ ಇಣುಕು. ನೋಡಿ ಮುಗೀಲಿ.”

ಸರ್ಲೋ ಕೊಟ್ಟಿಗೆ ನೋಡಿದ. ಬಾವಿಗೂ ಇಣುಕಿದ. ಅಲ್ಲಿ ಆಕಾಶದ ಚೂರೊಂದು, ಅದರಲ್ಲಿ ಅವನ ತಲೆ.

“ಅವಳು ಇಲ್ಲಿಗೆ ಯಾಕೆ ಬರ್ತಾಳೆ ಸರ್ಲೋ?” ಟೋವಿ ಗೂಟದ ಮಣ್ಣನ್ನು ಕೈಯಿಂದ ಉಜ್ಜಿ ತೆಗೆಯುತ್ತ ಕೇಳಿದ. “ಮಾತಾಡಿಸಿ ಎಷ್ಟು ವರ್ಷ ಆಯ್ತೋ ನನಗೇ ನೆನಪಿಲ್ಲ. ಮುದುಕ ಬದುಕಿದ್ದಾಗ ಒಂದು ಸಲ ಕೇಳ್ದೆ, ನಿಮ್ಮ ಹೊಲದಲ್ಲಿ ಕಲ್ಲು ಆರಿಸಿಕೊಡ್ಲಾ ಅಂತ. ಬೇಡಣ್ಣ, ನಮ್ಮನೇರು ನೊಂದ್ಕೋತಾರೆ ಅಂದ್ಲು. ಹೋಗ್ಬಿಟ್ಲು. ಅಷ್ಟೇ.”

ಸರ್ಲೋ ಹಿಂದಕ್ಕೆ ಹೊರಟವನು ನಿಂತ. “ಯಾವಾಗ ಕೇಳ್ದೆ?”

“ಏನು?”

“ಕಲ್ಲಿನ ಮಾತು. ಯಾವಾಗ ಕೇಳ್ದೆ? ಎಲ್ಲಿ ನಿಂತಿದ್ರಿ ಇಬ್ರೂ? ಆಗ ಅವಳ ಕೈಯಲ್ಲಿ ಏನಿತ್ತು?”

ಟೋವಿ ಬಗ್ಗಿ ಮುಂದಿನ ಗೂಟಕ್ಕೆ ಕೈ ಹಾಕಿದ.

ಎಡಿವಾ ಆ ದಿನ ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ಮೂರನೆಯ ದಿನ ಕುರಿ ಹೊಡೆದುಕೊಂಡು ಬಂದ ಹೆಂಗಸೊಬ್ಬಳು, ಅವತ್ತು ಸಂಜೆ ಎಡಿವಾ ಇಳಿಜಾರಿಗೆ ಬೆನ್ನು ಹಾಕಿ ತೆಂಕಣ ದಾರಿ ಹಿಡಿದು ಹೋಗುತ್ತಿದ್ದುದನ್ನು ಕಂಡೆ, ಒಬ್ಬಳೇ ಇದ್ದಳು, ಬಿರುಸಾಗಿ ನಡೆಯುತ್ತಿದ್ದಳು, ಎಲ್ಲಿಗೆ ಎಂದರೆ ಮುಂದಕ್ಕೆ ಎಂದಳು ಎಂದು ಹೇಳಿದಳು. ಸರ್ಲೋ ಊರಿನಾಚೆ ದಾರಿ ಕವಲೊಡೆಯುವಲ್ಲಿಗೆ ಹೋಗಿ ನಿಂತ. ಟೋವಿಯ ಮನೆಯ ದಾರಿಯಾಗಿದ್ದರೆ ಅವನು ಕಣ್ಣು ಕಟ್ಟಿಕೊಂಡು ನಡೆಯಬಲ್ಲವನಾಗಿದ್ದ. ತೆಂಕಣ ದಾರಿ ಬಯಲಿನಲ್ಲಿ ನೆಟ್ಟಗೆ, ಬೋಳಾಗಿ, ಕಣ್ಣು ಸೋಲುವವರೆಗೆ ಹೋಗಿತ್ತು. ಆ ದಾರಿಯಲ್ಲಿ ಅವನು ದ್ವೇಷಿಸಬಹುದಾದ ಒಬ್ಬನೂ ಇರಲಿಲ್ಲ. ಅವನಿಗೆ ಹೆಜ್ಜೆ ಎತ್ತಿಡಲಾಗಲಿಲ್ಲ.